ಬಚ್ಚಲಿನ ಆಮೆಗೆ ಜೊತೆ ಬೇಕೇ?

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ):
ಡಾಕ್ಟರೇ, ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ಆಮೆ ಇದೆ. ಗೃಹಪ್ರವೇಶಕ್ಕೆ ಬಂದ ಬಯಲುಸೀಮೆಯ ನೆಂಟರೊಬ್ಬರು ಅದೃಷ್ಟ ತರುತ್ತದೆಂದು ಕೊಟ್ಟದ್ದು. ಬೇಸಿಗೆಯಲ್ಲಿ ಅಂಗಳದಲ್ಲಿ, ಮಳೆಗಾಲದಲ್ಲಿ ಹಿಂದಿನ ಬಚ್ಚಲಿನಲ್ಲಿ ಇರುತ್ತದೆ. ಕುಚ್ಚಲಕ್ಕಿ ಅನ್ನ, ಬಾಳೆಹಣ್ಣು, ಬಸಳೆ ತಿನ್ನುತ್ತದೆ. ಎರಡು ವಾರದಿಂದ ಗೋಡೆಗುಂಟ ಅತ್ತಿಂದಿತ್ತ ನಡೆಯುತ್ತಲೇ ಇದೆ, ಮೂಲೆ ಕೆರೆಯುತ್ತದೆ, ತಿನ್ನುವುದೂ ಕಡಿಮೆಯಾಗಿದೆ. ಒಂಟಿಯಾಗಿದೆ ಪಾಪ ಎಂದು ಮಕ್ಕಳ ಹಟ. ಭಾವನ ಮಗನಿಗೆ ಇನ್ನೊಂದನ್ನು ತರಿಸಿಕೊಡುವವರ ಪರಿಚಯವಿದೆಯಂತೆ. ಅತ್ತೆಯವರು ಮಾತ್ರ, "ಬಾವಿಗೆ ಬಿಡಿ, ನಮ್ಮ ಕಾಲದಲ್ಲಿ ಬಾವಿಯಲ್ಲೇ ಆಮೆ ಇರುತ್ತಿತ್ತು" ಎನ್ನುತ್ತಾರೆ. ಇದು ಯಾವ ಜಾತಿ? ಜೊತೆ ತರಬೇಕೇ?

ಪಶುವೈದ್ಯ (ಮಂಗಳೂರು):
ಮೊದಲು ಅತ್ತೆಯವರನ್ನು ತಡೆಯಿರಿ. ನೆಲದ ಆಮೆಯಾಗಿದ್ದರೆ ಬಾವಿಯಲ್ಲಿ ಮುಳುಗಿ ಸಾಯುತ್ತದೆ. ಅವರು ಹೇಳುವುದು ನಮ್ಮ ಕೆರೆ, ಗದ್ದೆಗಳ ಕಪ್ಪು ಆಮೆ ಇರಬೇಕು. ಅದರ ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣುಗಳಿರುತ್ತವೆ, ಬೆರಳುಗಳ ನಡುವೆ ಪೊರೆ ಇರುತ್ತದೆ. ನಿಮ್ಮದರ ಕಾಲು ಆನೆಯ ಕಾಲಿನಂತೆ ಕಂಬವೇ? ಚಿಪ್ಪಿನ ಮೇಲೆ ಏನಿದೆ? ತಿರುಗಿಸಿ ಹೊಟ್ಟೆಯ ಭಾಗ ನೋಡಿ ಹೇಳಿ, ಹೆಚ್ಚು ಹೊತ್ತು ಅಂಗಾತ ಇಡಬೇಡಿ.

ಪ್ರಶ್ನೆ ಕೇಳಿದವರು:
ಕಾಲು ಆನೆಯದೇ. ಚಿಪ್ಪು ಕಪ್ಪು, ಪ್ರತಿ ಉಬ್ಬಿನ ನೆತ್ತಿಯಿಂದ ಹಳದಿ ಗೆರೆಗಳು ಸುತ್ತ ಹರಡಿವೆ, ರಂಗೋಲಿಯ ಹಾಗೆ. ಹೊಟ್ಟೆಯ ಮೇಲೂ ಗೆರೆಗಳಿವೆ, ಅಲ್ಲಿ ಚಪ್ಪಟೆ. ಬಾಲ ಗಿಡ್ಡ. ಸ್ಕೇಲ್ ಇಟ್ಟು ನೋಡಿದೆ, 24 ಸೆಂಟಿಮೀಟರ್.

ಪಶುವೈದ್ಯ:
ಹಾಗಾದರೆ ನಕ್ಷತ್ರ ಆಮೆ. ಗಂಡಿನ ಹೊಟ್ಟೆಯ ಚಿಪ್ಪು ಒಳಗೆ ತಗ್ಗಿರುತ್ತದೆ, ಬಾಲ ಉದ್ದ, ಮೈ ಸಣ್ಣದು. ನಿಮ್ಮದು ಹೆಣ್ಣು.

ಜೊತೆ ಬೇಡ. ಆಮೆ ಹಿಂಡಿನ ಪ್ರಾಣಿಯಲ್ಲ, ಮೊಟ್ಟೆ ಇಟ್ಟ ತಾಯಿಯೂ ಮರಿಗಳನ್ನು ನೋಡುವುದಿಲ್ಲ. ಗಂಡು ತಂದರೆ ಅದು ದಿನವಿಡೀ ಇದನ್ನು ಗುದ್ದುತ್ತ ಅಟ್ಟಾಡಿಸುತ್ತದೆ, ಬಚ್ಚಲಿನಲ್ಲಿ ಓಡಿಹೋಗಲು ಜಾಗವೆಲ್ಲಿ? ಮಕ್ಕಳ ಕರುಣೆ ಒಳ್ಳೆಯದೇ, ಆದರೆ ಆ ಬೇಸರ ನಮ್ಮದು, ಆಮೆಯದ್ದಲ್ಲ.

ನನಗೆ ಚಿಂತೆ ಬೇರೆ. ಗೋಡೆಗುಂಟ ನಡೆಯುವುದು, ಮೂಲೆ ಕೆರೆಯುವುದು, ಊಟ ಬಿಡುವುದು ಮೂರೂ ಸೇರಿದರೆ ಮೊಟ್ಟೆ ಇಡಲು ನೆಲ ಹುಡುಕುತ್ತಿರಬಹುದು. ಗಂಡು ಇಲ್ಲದಿದ್ದರೂ ಹೆಣ್ಣಿಗೆ ಮೊಟ್ಟೆ ಬರುತ್ತದೆ, ಊರಿನ ಹೇಂಟೆಯ ಹಾಗೆ. ಅಗೆಯಲು ಮಣ್ಣು ಸಿಗದೆ ಅವು ಒಳಗೇ ಉಳಿದರೆ ಜೀವಕ್ಕೆ ಅಪಾಯ. ಎಕ್ಸ್-ರೇ ತೆಗೆದರೆ ತಿಳಿಯುತ್ತದೆ. ವಾರಗಟ್ಟಲೆ ಕಾಯುವ ವಿಷಯವಲ್ಲ.

ಇನ್ನು ಆಹಾರ. ಅನ್ನ ನಿಲ್ಲಿಸಿ, ಬಾಳೆಹಣ್ಣನ್ನೂ. ಬಸಳೆ, ಹರಿವೆ ನಮಗೆ ಒಳ್ಳೆಯದು, ಇದಕ್ಕೆ ದಿನವೂ ಬೇಡ. ಅವುಗಳ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಗರಿಕೆ, ಅಂಗಳದ ಕಳೆ, ದಾಸವಾಳದ ಎಲೆ ಮತ್ತು ಹೂವು ಕೊಡಿ. ಬೆಳಗಿನ ಬಿಸಿಲು ನೇರವಾಗಿ ಬೀಳಲಿ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ.

ಇದು ಒಣ ಸೀಮೆಯ ಜೀವಿ. ಗುಜರಾತ್, ರಾಜಸ್ಥಾನ, ಇತ್ತ ಕೋಲಾರ, ಆಂಧ್ರ, ತಮಿಳುನಾಡಿನ ಕುರುಚಲು ಕಾಡು, ಮತ್ತೆ ಶ್ರೀಲಂಕಾ ಇದರ ತವರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಅದೂ ಬಚ್ಚಲಿನ ತೇವದಲ್ಲಿ, ಶ್ವಾಸಕೋಶಕ್ಕೆ ಸೋಂಕು ತಗುಲುವುದು ಬಹಳ ಸುಲಭ. ಮೂಗಿನಲ್ಲಿ ಗುಳ್ಳೆ ಕಂಡರೆ ಅದೇ.

ಪ್ರಶ್ನೆ ಕೇಳಿದವರು:
ಮೂಗಿನಲ್ಲಿ ಏನೂ ಇಲ್ಲ. ಎಕ್ಸ್-ರೇಗೆ ಎಲ್ಲಿಗೆ ತರಲಿ?

ಪಶುವೈದ್ಯ:
ಇದನ್ನು ಮುಚ್ಚಿಟ್ಟು ಹೇಳಲಾರೆ, ಅಮ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನಕ್ಷತ್ರ ಆಮೆ ಮೊದಲ ಪರಿಚ್ಛೇದದಲ್ಲಿದೆ, ಹುಲಿಯ ಸಾಲಿನಲ್ಲಿ. ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ ಬಿಗಿಗೊಳಿಸಿದ್ದಾರೆ. ಇನ್ನೊಂದನ್ನು ತರಿಸಿಕೊಡುವವನು ಕಾಡಿನಿಂದ ಕದ್ದದ್ದನ್ನೇ ತರುತ್ತಾನೆ. ನಿಮ್ಮ ನೆಂಟರು ಕೊಟ್ಟದ್ದೂ ಹಾಗೆಯೇ ಬಂದಿರಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ನೀವೇ ಫೋನ್ ಮಾಡಿ, ಊಟ ಬಿಟ್ಟಿದೆ, ಮೊಟ್ಟೆಯ ಸಂಶಯವಿದೆ ಎಂಬುದನ್ನು ಮೊದಲೇ ಹೇಳಿ. ಮುಂದೆ ಎಲ್ಲಿರಿಸಬೇಕೆಂಬುದು ಇಲಾಖೆಯ ತೀರ್ಮಾನ. ಅಲ್ಲಿಯವರೆಗೆ ಅಂಗಳದ ಒಂದು ಮೂಲೆಯಲ್ಲಿ ಒಂದಡಿ ಆಳಕ್ಕೆ ಸಡಿಲ ಮಣ್ಣು ಹಾಕಿ, ಮೇಲೆ ಮಳೆ ಬೀಳದಂತೆ ನೋಡಿಕೊಳ್ಳಿ.

ಇನ್ನೊಬ್ಬ ಸದಸ್ಯರು (ಸುರತ್ಕಲ್):
ಅಷ್ಟೆಲ್ಲ ಯಾಕೆ ಡಾಕ್ಟರೇ, ಹತ್ತಿರದ ಗುಡ್ಡಕ್ಕೆ ಬಿಟ್ಟುಬಂದರೆ ಆಗದೇ?

ಪಶುವೈದ್ಯ:
ಆಗದು. ನಮ್ಮ ಗುಡ್ಡದ ಮಳೆ ಅದಕ್ಕೆ ಒಗ್ಗುವುದಿಲ್ಲ, ಮನೆಯಲ್ಲಿ ಅಂಟಿದ ರೋಗವನ್ನು ಅಲ್ಲಿಯ ಆಮೆಗಳಿಗೆ ಹಂಚಬಹುದು. ನಾಲ್ಕು ವರ್ಷ ತಟ್ಟೆಯಲ್ಲಿ ಅನ್ನ ಕಂಡ ಪ್ರಾಣಿ ಅಲ್ಲಿ ತಿನ್ನುವುದೇನನ್ನು?

ಪ್ರಶ್ನೆ ಕೇಳಿದವರು:
1926ಕ್ಕೆ ಮಾಡಿದೆ. ನಾಳೆ ಬೆಳಗ್ಗೆ ಬರುತ್ತಾರಂತೆ. ಮಗಳು ಅಳುತ್ತಿದ್ದಾಳೆ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕೊಡಬೇಕೇ?

ಪಶುವೈದ್ಯ:
ನೀರು ಬೇಡ, ಬಕೆಟ್ಟೂ ಬೇಡ. ತೂತು ಮಾಡಿದ ರಟ್ಟಿನ ಡಬ್ಬ, ಅಡಿಗೆ ಒಣ ಬಟ್ಟೆ. ಗರಿಕೆಯನ್ನು ಮಗಳೇ ಕೊಯ್ದು ಹಾಕಲಿ.