ಪಾಳಿಯ 'ದುಕ್ಖ'ಕ್ಕೆ ಕನ್ನಡದ 'ದುಃಖ' ಒಗ್ಗುತ್ತದೆಯೇ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಇಲ್ಲಿ ನಾವು ಏಳೆಂಟು ಮಂದಿ ಭಾನುವಾರ ಸಂಜೆ ಒಂದೆಡೆ ಕೂಡಿ ಪಾಳಿ ಸುತ್ತಗಳನ್ನು, ಅಂದರೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯಲ್ಲಿರುವ ಬುದ್ಧನ ಉಪದೇಶಗಳನ್ನು, ಕನ್ನಡ ಅನುವಾದದಲ್ಲಿ ಓದುತ್ತೇವೆ. ಮೂಲದ 'ದುಕ್ಖ'ಕ್ಕೆ ಅನುವಾದದಲ್ಲಿರುವ ಪದ 'ದುಃಖ'. ಮೂಲವನ್ನು ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಇಟ್ಟುಕೊಂಡಿರುತ್ತೇವೆ. ಹೋದ ವಾರ ಧಮ್ಮಚಕ್ಕಪ್ಪವತ್ತನ ಸುತ್ತ, ಅಂದರೆ ಸಾರನಾಥದಲ್ಲಿ ಬುದ್ಧ ಐವರಿಗೆ ಮಾಡಿದ ಮೊದಲ ಉಪದೇಶ, ನಮ್ಮ ಓದಿಗಿತ್ತು. "ಹುಟ್ಟು ದುಃಖ, ಮುಪ್ಪು ದುಃಖ" ಎಂದು ಓದುತ್ತಿದ್ದಾಗ ನಾಲ್ಕು ಮಕ್ಕಳನ್ನು ಹೆತ್ತ ಹಿರಿಯರೊಬ್ಬರು ತಡೆದರು. "ಹೆರುವ ತ್ರಾಸ ನನಗೆ ಗೊತ್ತಿದೆ ತಮ್ಮಾ. ಆದರೆ ಕೂಸು ಹುಟ್ಟಿದ್ದು ದುಃಖ ಹೇಗಾಗುತ್ತದೆ? ದುಃಖ ಮಾಡುವುದು ಸತ್ತವರ ಮನೆಯಲ್ಲಿ."

ಅವರ ಮಾತು ಒಂದು ವಾರದಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಭಾಗದಲ್ಲಿ 'ದುಃಖ ಮಾಡು' ಎಂದರೆ ಅಳುವುದು. ಬರಹದ ಕನ್ನಡದಲ್ಲೂ ದುಃಖ ಉಮ್ಮಳಿಸುತ್ತದೆ, ದುಃಖದ ಕಟ್ಟೆ ಒಡೆಯುತ್ತದೆ, ಪತ್ರಿಕೆಯ ನಿಧನ ವಾರ್ತೆಯಲ್ಲಿ ಕುಟುಂಬ ದುಃಖತಪ್ತವಾಗುತ್ತದೆ. ಹೀಗೆ ಈ ಪದ ಕಣ್ಣೀರಿಗೆ ಹತ್ತಿರವಾಗಿ ನಿಂತುಬಿಟ್ಟಿದೆ. ಆದರೆ ಕಣ್ಣೀರಿಗೆ ಪಾಳಿಯಲ್ಲಿ ಬೇರೆ ಪದಗಳಿವೆ. ಮಹಾಸತಿಪಟ್ಠಾನ ಸುತ್ತದಲ್ಲಿ ಸೋಕ, ಪರಿದೇವ, ದುಕ್ಖ, ದೋಮನಸ್ಸ, ಉಪಾಯಾಸ ಎಂದು ಐದನ್ನು ಸಾಲಾಗಿ ಹೇಳಿ ಒಂದೊಂದಕ್ಕೂ ಅರ್ಥ ಕೊಡಲಾಗಿದೆ. ಅಲ್ಲಿ ಸೋಕ ಎಂದರೆ ಕೇಡು ಬಂದೊದಗಿದವನ ಅಳಲು, ಪರಿದೇವ ಎಂದರೆ ಗೋಳಾಟ. ದುಕ್ಖವೆಂದರೆ ಮೈಗೆ ಆಗುವ ಅಹಿತ, ದೋಮನಸ್ಸವೆಂದರೆ ಮನಸ್ಸಿಗೆ ಆಗುವ ಅಹಿತ, ಉಪಾಯಾಸವೆಂದರೆ ಹತಾಶೆ. ಈ ಐದೂ ಸೇರಿ ಮತ್ತೆ ದುಕ್ಖವೇ. ಒಂದೇ ಪದ ಪಟ್ಟಿಯ ಒಳಗೂ ಇದೆ, ಪಟ್ಟಿಯ ಮೇಲಿನ ಹೆಸರೂ ಅದೇ ಆಗಿದೆ.

ಸಲ್ಲ ಸುತ್ತಕ್ಕೆ ಬಂದರೆ ತೊಡಕು ಇನ್ನೂ ಬಿಗಿಯಾಗುತ್ತದೆ. ಒಂದು ಬಾಣ ನೆಟ್ಟವನಿಗೆ ಇನ್ನೊಂದು ಬಾಣವೂ ನೆಟ್ಟ ಹೋಲಿಕೆ ಬರುವುದು ಅದರಲ್ಲೇ. ಅರಿವುಳ್ಳ ಶಿಷ್ಯನಿಗೆ ದುಕ್ಖದ ವೇದನೆ ತಾಗುತ್ತದೆ, ಆದರೂ ಅವನು 'ನ ಸೋಚತಿ', ಅಂದರೆ ಅಳಲುವುದಿಲ್ಲ, ಎದೆ ಬಡಿದುಕೊಂಡು ಅಳುವುದೂ ಇಲ್ಲ ಎನ್ನುತ್ತದೆ ಸುತ್ತ. ಇದನ್ನು ನಮ್ಮ ಅನುವಾದದ ಪದಗಳಲ್ಲೇ ಹೇಳಿದರೆ "ದುಃಖವಾದರೂ ಅವನು ದುಃಖಿಸುವುದಿಲ್ಲ" ಎಂದಾಗುತ್ತದೆ. ಓದಿದವರಿಗೆ ಇದು ಒಗಟಿನಂತೆ ಕೇಳುತ್ತದೆ. ಮೊದಲ ಬಾಣ ಮೈಯ ನೋವು, ಎರಡನೆಯದು ಅದಕ್ಕಾಗಿ ಮನಸ್ಸು ಪಡುವ ಅಳಲು ಎಂಬ ಭೇದವೇ ಆ ಸುತ್ತದ ಜೀವ. ಎರಡಕ್ಕೂ ಒಂದೇ ಪದ ಬಳಸಿದರೆ ಹೇಳಬೇಕಾದದ್ದೇ ಕೈತಪ್ಪಿ ಹೋಗುತ್ತದೆ.

ವ್ಯಾಕರಣದ ಒಂದು ಸಂಗತಿಯೂ ಇದೆ. ಮೂಲದಲ್ಲಿ 'ಜಾತಿಪಿ ದುಕ್ಖಾ', 'ಬ್ಯಾಧಿಪಿ ದುಕ್ಖೋ', 'ಮರಣಂಪಿ ದುಕ್ಖಂ' ಎಂದಿದೆ. ಜಾತಿ (ಹುಟ್ಟು) ಸ್ತ್ರೀಲಿಂಗ, ಬ್ಯಾಧಿ (ರೋಗ) ಪುಲ್ಲಿಂಗ, ಮರಣ ನಪುಂಸಕ. ಲಿಂಗಕ್ಕೆ ತಕ್ಕಂತೆ ರೂಪ ಬದಲಾಗುವುದರಿಂದ ದುಕ್ಖ ಇಲ್ಲಿ ವಿಶೇಷಣ. ಹುಟ್ಟು ಎಂಬುದು ಒಂದು ದುಃಖ ಎಂದಲ್ಲ, ಹುಟ್ಟು ಅಂಥ ಗುಣವುಳ್ಳದ್ದು ಎಂದು. ಆ ಹಿರಿಯರಿಗೆ ನಾನು ಅಂದೇ ಇದನ್ನು ಹೇಳಬೇಕಿತ್ತು.

ಹಾಗಾದರೆ ಯಾವ ಪದ? ನನ್ನ ಒಲವು ಅವರ ಬಾಯಿಂದಲೇ ಬಂದ 'ತ್ರಾಸ'ದ ಕಡೆಗಿದೆ. ಜ್ವರ ಬಂದರೆ ತ್ರಾಸ, ಬಸ್ಸಿನಲ್ಲಿ ನಿಂತು ಬಂದರೆ ತ್ರಾಸ, ಸಾಲ ತೀರದಿದ್ದರೆ ತ್ರಾಸ, ಮಗನ ಮಾತು ಮನಸ್ಸಿಗೆ ನಾಟಿದರೂ ತ್ರಾಸ. ಮೈ ಮನಸ್ಸು ಎರಡನ್ನೂ ಹಿಡಿಯುವ ಈ ಪದಕ್ಕೆ ಕಣ್ಣೀರು ಬೇಕಿಲ್ಲ. ಅಡ್ಡಿಗಳೂ ಇವೆ. ಸಂಸ್ಕೃತದಲ್ಲಿ ತ್ರಾಸವೆಂದರೆ ಹೆದರಿಕೆ. ಪಾಳಿಯಲ್ಲೂ ಅದೇ ಮೂಲದ 'ತಸಂತಿ' ಎಂದರೆ ಹೆದರಿ ನಡುಗುವುದು. 'ಸಬ್ಬೇ ತಸಂತಿ ದಂಡಸ್ಸ', ದಂಡನೆಗೆ ಎಲ್ಲರೂ ನಡುಗುತ್ತಾರೆ, ಎಂದು ಧಮ್ಮಪದದಲ್ಲಿದೆ. 'ತ್ರಾಸು' ಎಂದು ಬರೆದರೆ ತಕ್ಕಡಿ ಎಂದು ತಿಳಿಯುವವರೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತಗಳು ದುಕ್ಖದಲ್ಲಿ ಮೂರು ಬಗೆ ಎಣಿಸುತ್ತವೆ. ನೋವಿನದೇ ಒಂದು, ಸುಖ ಮಾರ್ಪಡುವುದರದು ಒಂದು, ಸಂಖಾರಗಳದು, ಅಂದರೆ ಕಾರಣಗಳಿಂದ ಕೂಡಿಬಂದ ಎಲ್ಲದರದು, ಇನ್ನೊಂದು. ರಜೆಗೆ ಬಂದ ಮೊಮ್ಮಕ್ಕಳು ಮರಳಿ ಬಸ್ಸು ಹತ್ತಿದಾಗ ಆಗುವುದನ್ನು ತ್ರಾಸ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

'ಕಷ್ಟ'ವನ್ನೂ ನೋಡಿದೆ. ಸುಖದ ಜೋಡಿ ನಮ್ಮಲ್ಲಿ ಕಷ್ಟವೇ. ನಾವು ಕಷ್ಟಸುಖ ವಿಚಾರಿಸುತ್ತೇವೆ. ಆದರೆ ಲೆಕ್ಕವೂ ಕಷ್ಟ, ಪರೀಕ್ಷೆಯೂ ಕಷ್ಟ. 'ನೋವು' ಮೊದಲ ಬಗೆಗೆ ಮಾತ್ರ ಸಾಕು. ಹಳ್ಳಿಗಳಲ್ಲಿ ಕೇಳುವ ತದ್ಭವ 'ದುಕ್ಕ' ಪಾಳಿಗೆ ತೀರ ಹತ್ತಿರ, ಆದರೆ ಅರ್ಥದಲ್ಲಿ ಅದೂ ಅಳುವಿನ ಕಡೆಗೇ ವಾಲಿದೆ.

ಸೋಕ ಬೇರೆ, ದುಕ್ಖ ಬೇರೆ ಎಂಬುದಕ್ಕೆ ನಮ್ಮ ಜಿಲ್ಲೆಯ ಕಲ್ಲೇ ನೆನಪಾಗುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ', ಅಂದರೆ ರಾಜ ಅಶೋಕ, ಎಂದಿದೆ. ಅಸೋಕ, ಅಂದರೆ ಸೋಕ ಇಲ್ಲದವನು. ಎರಡನೆಯ ಬಾಣ ನೆಡದವನು ಎಂದು ನಾನು ಆ ಹೆಸರನ್ನು ಈಗ ಓದಿಕೊಳ್ಳುತ್ತೇನೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಮೈಸೂರು, ಮಲೆನಾಡು, ಕರಾವಳಿಯ ಕಡೆ 'ತ್ರಾಸ' ಆಡುಮಾತಿನಲ್ಲಿದೆಯೇ, ಇದ್ದರೆ ಮನಸ್ಸಿನ ಕಿರಿಕಿರಿಗೂ ಸಲ್ಲುತ್ತದೆಯೇ? ಅಳುವಿನ ನಂಟಿಲ್ಲದೆ 'ದುಃಖ'ವನ್ನು ಬಳಸುವ ಊರು ಯಾವುದಾದರೂ ಇದೆಯೇ? ಸೋಕಕ್ಕೆ 'ಅಳಲು' ಎಂದು ಬೇರ್ಪಡಿಸಿ, ದುಕ್ಖವನ್ನು ಪಾಳಿಯ ರೂಪದಲ್ಲೇ ಉಳಿಸಿಕೊಂಡರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಬರುವ ಭಾನುವಾರ ಸಲ್ಲ ಸುತ್ತವನ್ನು ಮತ್ತೆ ಓದುತ್ತಿದ್ದೇವೆ. ಆ ಹಿರಿಯರೂ ಬರುತ್ತಾರೆ. ಅಷ್ಟರೊಳಗೆ ನಿಮ್ಮ ಊರಿನ ಬಳಕೆಯನ್ನು ಬರೆದರೆ ಅವರಿಗೆ ಓದಿ ಹೇಳುತ್ತೇನೆ.