ಮಗನ ಇಷ್ಟದ ಬೇಸ್‌ಬಾಲ್ ಪಿಚರ್ ಈಗ ಲಾಂಗ್ ಐಲ್ಯಾಂಡ್ ಡಕ್ಸ್‌ನಲ್ಲಿ: ಎಡಿಸನ್‌ನಿಂದ ಹೋಗಿ ನೋಡಬಹುದಾ?

ಎಡಿಸನ್ ಅಪ್ಪ:
ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನನ್ನ ಮಗನಿಗೆ 11 ವರ್ಷ, ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡ ಅಂದ್ರೆ ಪ್ರಾಣ. ಅವನು ತುಂಬಾ ಹಚ್ಚಿಕೊಂಡಿದ್ದ ಒಬ್ಬ ಪಿಚರ್ (ಚೆಂಡು ಎಸೆಯುವವರು) ಮೊಣಕೈ ಆಪರೇಷನ್ ಆದಮೇಲೆ ತಂಡದಿಂದ ಹೊರಬಿದ್ದರು. ಈಗ ಅಟ್ಲಾಂಟಿಕ್ ಲೀಗ್‌ನ ಲಾಂಗ್ ಐಲ್ಯಾಂಡ್ ಡಕ್ಸ್ ಸೇರಿದ್ದಾರೆ. ಅದು ಇಂಡಿಪೆಂಡೆಂಟ್ ಲೀಗ್, ಅಂದ್ರೆ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನ ಯಾವ ತಂಡಕ್ಕೂ ಸೇರದ ಸಣ್ಣ ಲೀಗ್. ಈ ವಾರ ಲಾಂಗ್ ಐಲ್ಯಾಂಡ್‌ನ ಸೆಂಟ್ರಲ್ ಐಸ್ಲಿಪ್‌ನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಮ್ಯಾಚ್ ಇದೆ. ಯಾವತ್ತು ಹೋಗೋದು ಒಳ್ಳೇದು? ಊರಿಂದ ಬಂದಿರುವ ಅತ್ತೆ ಮಾವನೂ ಬರ್ತಾರೆ, ಮಾವನಿಗೆ ಮಂಡಿ ನೋವು. ಇಂಥ ಸಣ್ಣ ಲೀಗ್ ಮ್ಯಾಚಿಗೆ ಹೋಗಿ ಬಂದವರು ಹೇಳಿ.

ಪಾರ್ಸಿಪನಿ ಅಮ್ಮ:
ಯೋಚನೆ ಮಾಡ್ತಾ ಕೂರಬೇಡಿ, ಹೋಗಿ. ನಾವು 2022ರಲ್ಲಿ ಕುಮಾರ್ ರಾಕರ್ ಅನ್ನೋ ಪಿಚರ್‌ನ ನೋಡೋಕೆ ನ್ಯೂಯಾರ್ಕ್ ರಾಜ್ಯದ ಟ್ರಾಯ್‌ವರೆಗೆ ಹೋಗಿದ್ದೆವು. ಅದರ ಹಿಂದಿನ ವರ್ಷ ಮೆಟ್ಸ್‌ನವರು ಅವನನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸೋದು) 10ನೆಯವನಾಗಿ ಆರಿಸಿ, ಮೆಡಿಕಲ್ ಆದಮೇಲೆ ಸಹಿ ಹಾಕಿಸಿಕೊಳ್ಳದೆ ಕೈಬಿಟ್ಟಿದ್ದರು. ಭುಜಕ್ಕೆ ಆಪರೇಷನ್ ಬೇರೆ ಆಯ್ತು. ಅಂಥ ಹುಡುಗ ಫ್ರಾಂಟಿಯರ್ ಲೀಗ್ ಅನ್ನೋ ಇಂಥದೇ ಸಣ್ಣ ಲೀಗ್‌ನ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಸೇರಿ, ಕಮ್ಯುನಿಟಿ ಕಾಲೇಜಿನ ಪಕ್ಕದ ಜೋ ಬ್ರೂನೊ ಸ್ಟೇಡಿಯಂನಲ್ಲಿ ಬಂದು ಎಸೆದ. ಅವನ ತಾಯಿ ಕಡೆ ಅಜ್ಜ ಅಜ್ಜಿ ಆಂಧ್ರದಿಂದ ಬಂದವರು. ಸಾಫ್ಟ್‌ಬಾಲ್ ಆಡುವ ನನ್ನ ಮಗಳಿಗೆ, ಕುಮಾರ್ ಅಂತ ಹೆಸರಿರುವ ಒಬ್ಬ ಇಷ್ಟು ಜೋರಾಗಿ ಎಸೀತಾನೆ ಅನ್ನೋದೇ ದೊಡ್ಡ ಸಂಗತಿ.

ಖರ್ಚು ಕೇಳಿ. ಗ್ಯಾಸ್ (ಪೆಟ್ರೋಲ್) ಬೆಲೆ ಗ್ಯಾಲನ್‌ಗೆ 5 ಡಾಲರ್ ಮುಟ್ಟಿದ್ದ ಜೂನ್ ಅದು. ಹೋಗಿ ಬರೋಕೆ ಗ್ಯಾಸ್ 70 ಡಾಲರ್. ಥ್ರೂವೇ ಟೋಲ್ ಬೇರೆ. ಹೋಟೆಲ್ 189, ಟ್ಯಾಕ್ಸ್ ಸೇರಿ 214. ಅಲ್ಲಿ ಬೆಳಗಿನ ತಿಂಡಿ ಅಂತ ಕೊಟ್ಟಿದ್ದು ಒಣಗಿದ ಮಫಿನ್. ಆದರೆ ಮ್ಯಾಚ್ ಟಿಕೆಟ್ ನಾಲ್ಕು ಜನಕ್ಕೂ ಸೇರಿ 50 ಡಾಲರ್ ಒಳಗೇ ಮುಗೀತು. ಇದೇ ದುಡ್ಡಿಗೆ ಮೆಟ್ಸ್‌ನ ಸ್ಟೇಡಿಯಂ ಸಿಟಿ ಫೀಲ್ಡ್‌ನಲ್ಲಿ ಪಾರ್ಕಿಂಗ್ ಮಾಡಿ ಒಬ್ಬರು ಒಳಗೆ ಹೋಗಬಹುದು ಅಷ್ಟೆ.

ಮ್ಯಾಚಿಗೆ ಮುಂಚೆ ಅವನು ವಾರ್ಮಪ್ ಮಾಡುವಾಗ ಬೇಲಿ ಪಕ್ಕ ನಿಂತಿದ್ದೆವು. ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದ ಸದ್ದಿಗೆ ಮಗಳು ಮೊದಲ ಸಲ ಬೆಚ್ಚಿ ನನ್ನ ಕೈ ಹಿಡ್ಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಬರೀ ಸದ್ದು ಕೇಳಿ "ಇದು ಸ್ಲೈಡರ್, ಇದು ಫಾಸ್ಟ್‌ಬಾಲ್" ಅಂತ ಹೇಳೋಕೆ ಶುರು ಮಾಡಿದಳು. ಟಿವಿಯಲ್ಲಿ ಇದು ಸಿಗಲ್ಲ. ಅಲ್ಲಿ ಅವನು ಆಡಿದ್ದು ಬರೀ 5 ಮ್ಯಾಚ್. 20 ಇನಿಂಗ್ಸ್‌ನಲ್ಲಿ 32 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಜುಲೈನಲ್ಲಿ ಟೆಕ್ಸಸ್ ರೇಂಜರ್ಸ್ ಡ್ರಾಫ್ಟ್‌ನಲ್ಲಿ 3ನೆಯವನಾಗಿ ಎತ್ಕೊಂಡು ಹೋದರು. 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೂ ಬಂದ. ನನ್ನ ಮಗಳು ಅವನನ್ನು ಅದಕ್ಕೂ ಮೊದಲೇ ನೋಡಿದ್ದಾಳೆ. ಚೆಂಡಿನ ಮೇಲೆ ಸಹಿಯೂ ಇದೆ.

ಪಿಸ್ಕಾಟವೇ ಕನ್ನಡಿಗ:
ಮೇಡಂ, ಸಿಕ್ಕವರಿಗೆ ಸಿಕ್ಕಿತು. ಎಲ್ಲರಿಗೂ ಹಾಗೆ ಆಗಲ್ಲ. 2015ರಲ್ಲಿ ನನ್ನ ಕಥೆ ಕೇಳಿ.

ನನಗೆ ಪಿಚರ್ ರಿಚ್ ಹಿಲ್ ಅಂದ್ರೆ ಮೊದಲಿಂದಲೂ ಇಷ್ಟ. ಎಡಗೈ, ದೊಡ್ಡದಾಗಿ ಬಳುಕುವ ಕರ್ವ್‌ಬಾಲ್. 35 ವರ್ಷ ಆಗಿತ್ತು, ಯಾವ ತಂಡಕ್ಕೂ ಬೇಡವಾಗಿ ಇದೇ ಡಕ್ಸ್ ಸೇರಿದ್ದರು. ಮೊದಲೆರಡು ಮ್ಯಾಚ್‌ನಲ್ಲಿ 11 ಇನಿಂಗ್ಸ್, 21 ಸ್ಟ್ರೈಕ್‌ಔಟ್, ಒಂದೂ ರನ್ ಇಲ್ಲ. ಮೂರನೇದಕ್ಕೆ ಹೋಗೋಣ ಅಂತ ಎಲ್ಲಾ ಸಿದ್ಧ ಮಾಡಿದೆ. ಹೆಂಡತಿ ಆಸ್ಪತ್ರೆ ಶಿಫ್ಟ್ ಬದಲಾಯಿಸಿಕೊಂಡಳು. ಭಾವನ ಮನೆಯವರೂ ಬರ್ತೀವಿ ಅಂದ್ರು, ಅದಕ್ಕೆ ವ್ಯಾನ್ ಬಾಡಿಗೆಗೆ ತಗೊಂಡೆ: 118 ಡಾಲರ್, ಇನ್ಶೂರೆನ್ಸ್ 24. ಟಿಕೆಟ್ ಆರು. ಅಷ್ಟರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನವರು ಕರ್ಕೊಂಡು ಹೋದರು! ವ್ಯಾನ್ ಕಂಪನಿಯವನು ಒಂದು ಡಾಲರ್ ವಾಪಸ್ ಕೊಡಲಿಲ್ಲ. "ನಿಮ್ಮ ಪಿಚರ್ ಹೋದರೆ ನಮಗೇನು" ಅಂದ. ಭಾವ ಈಗಲೂ ಹಬ್ಬಕ್ಕೆ ಬಂದಾಗ ಇದನ್ನೇ ಎತ್ತುತ್ತಾನೆ.

ಹೇಗೂ ವ್ಯಾನ್ ಇದೆ ಅಂತ ಮ್ಯಾಚಿಗೆ ಹೋದೆವು. ಹೋಗುವಾಗ ಗೋಥಲ್ಸ್ ಸೇತುವೆಗೆ ಟೋಲ್, ಬರುವಾಗ ವೆರಜಾನೊಗೆ. ಆಗ ವೆರಜಾನೊದಲ್ಲಿ ಒಂದು ಕಡೆ ಮಾತ್ರ ಕೀಳ್ತಿದ್ದರು, 2020ರ ಕೊನೆಯಿಂದ ಎರಡೂ ಕಡೆ ಕೀಳ್ತಾರೆ. ಆಮೇಲೆ ಹಿಲ್ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ಪರ ಇಳಿದ ಮೊದಲ ಮ್ಯಾಚ್‌ನಲ್ಲೇ 10 ಸ್ಟ್ರೈಕ್‌ಔಟ್ ಮಾಡಿದರು. ಮುಂದೆ ಡಾಡ್ಜರ್ಸ್ ತಂಡದಿಂದ ಮೂರು ವರ್ಷಕ್ಕೆ 48 ಮಿಲಿಯನ್ ಡಾಲರ್. ನಾನು ಮನೆಯಲ್ಲಿ ಕೂತು ನೋಡಿದೆ.

ಪಾರ್ಸಿಪನಿ ಅಮ್ಮ:
ನಿಮಗೆ ಬೇಜಾರಾಗಿದ್ದು ಅರ್ಥ ಆಗುತ್ತೆ. ಆದರೆ "ಸಿಕ್ಕವರಿಗೆ ಸಿಕ್ಕಿತು" ಅಂದ್ರೆ ಏನು? ಸುಮ್ನೆ ಸಿಗಲಿಲ್ಲ ಸರ್. ದಿನಾ ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಟ್ರಾಯ್ ಪತ್ರಿಕೆಯವರು ಏನು ಬರೆದಿದ್ದಾರೆ ಅಂತ ನೋಡ್ತಿದ್ದೆ. ಅವನ ಸರದಿ ಲೆಕ್ಕ ಹಾಕಿ, ಮಳೆ ನೋಡಿ, ಮಗಳ ಶಾಲೆಗೆ ರಜೆ ಹಾಕಿಸಿ ಹೋಗಿದ್ದು.

ಪಿಸ್ಕಾಟವೇ ಕನ್ನಡಿಗ:
ನಾನು ಲೆಕ್ಕ ಹಾಕಿರಲಿಲ್ಲ ಅಂತಾನಾ? ಅವರ ಸರದಿ ಅವತ್ತೇ ಇತ್ತು!

ಬ್ರಿಡ್ಜ್‌ವಾಟರ್ ವಾಸಿ:
ಇಷ್ಟೆಲ್ಲಾ ಯಾಕೆ? ನಮ್ಮ ಬ್ರಿಡ್ಜ್‌ವಾಟರ್‌ನ ಸಾಮರ್ಸೆಟ್ ಪೇಟ್ರಿಯಟ್ಸ್ ಮ್ಯಾಚಿಗೆ ಬನ್ನಿ. ಎಡಿಸನ್‌ನಿಂದ ಎಷ್ಟು ದೂರ ಮಹಾ. ರಾರಿಟನ್ ವ್ಯಾಲಿ ಲೈನ್ ಟ್ರೈನ್ ಸ್ಟೇಡಿಯಂ ಪಕ್ಕದಲ್ಲೇ ನಿಲ್ಲುತ್ತೆ. ಬೆಳಗ್ಗೆ ಬಾಲಾಜಿ ದೇವಸ್ಥಾನ, ಮಧ್ಯಾಹ್ನ ಅಲ್ಲೇ ಕ್ಯಾಂಟೀನ್‌ನಲ್ಲಿ ದೋಸೆ, ಸಂಜೆ ಮ್ಯಾಚ್. ಅತ್ತೆ ಮಾವನಿಗೂ ಖುಷಿ. 2024ರ ಜೂನ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಪಿಚರ್ ಗೆರಿಟ್ ಕೋಲ್ ಗಾಯದಿಂದ ವಾಪಸ್ ಬರುವಾಗ ಮೊದಲು ಎಸೆದಿದ್ದು ಇಲ್ಲೇ. ಹಿಂದಿನ ವರ್ಷ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವರು. ಟಿಕೆಟ್ ಮೂರು ಪಟ್ಟು ಕೊಟ್ಟು ಬೇರೆಯವರಿಂದ ತಗೊಂಡೆ, 66 ಡಾಲರ್. ಕೊಟ್ಟಿದ್ದಕ್ಕೆ ಒಂದು ಚೂರೂ ಬೇಸರ ಇಲ್ಲ.

ಹಳೇ ನ್ಯೂವರ್ಕ್:
ರೀ, ಪ್ರಶ್ನೆ ಏನು, ನೀವು ಹೇಳ್ತಿರೋದೇನು? ಪೇಟ್ರಿಯಟ್ಸ್ 2021ರಿಂದ ಯಾಂಕೀಸ್‌ನ ಡಬಲ್-ಎ ತಂಡ, ಅಂದ್ರೆ ಅವರ ಆಟಗಾರರು ಮೇಜರ್ ಲೀಗ್‌ಗೆ ತಯಾರಾಗುವ ಕೆಳ ಹಂತದ ತಂಡ. ಇಂಡಿಪೆಂಡೆಂಟ್ ಅಲ್ಲವೇ ಅಲ್ಲ. ಸ್ಪಾರ್ಕಿ ಲೈಲ್ ಮ್ಯಾನೇಜರ್ ಆಗಿದ್ದ ಕಾಲದ ಪೇಟ್ರಿಯಟ್ಸ್ ಬೇರೆ, ಇದು ಬೇರೆ. ಕೋಲ್‌ಗೆ ಯಾಂಕೀಸ್‌ನಲ್ಲಿ ಸಂಬಳ ಬರ್ತಾ ಇರುತ್ತೆ, ಕೈ ಸರಿಯಾಗಿದೆಯಾ ಅಂತ ನೋಡ್ಕೊಂಡು ಹೋಗೋಕೆ ಬರ್ತಾರೆ. ಇಂಡಿಪೆಂಡೆಂಟ್ ಲೀಗ್‌ಗೆ ಬರುವವನಿಗೆ ಹಿಂದೆ ಯಾರೂ ಇಲ್ಲ. ಇನ್ನೊಂದು ಸಲ ಯಾರಾದರೂ ಕರೀತಾರಾ ಅಂತ ಆಡ್ತಾನೆ.

ನಾನು 2003ರಲ್ಲಿ ರಿಕಿ ಹೆಂಡರ್ಸನ್‌ನ ಆಗ ಅಟ್ಲಾಂಟಿಕ್ ಲೀಗ್‌ನಲ್ಲಿದ್ದ ನ್ಯೂವರ್ಕ್ ಬೇರ್ಸ್ ತಂಡದಲ್ಲಿ ನೋಡಿದವನು. ವಯಸ್ಸು 44. ಇಡೀ ಆಟದ ಇತಿಹಾಸದಲ್ಲೇ ಅವರಷ್ಟು ಬೇಸ್ ಕದ್ದವರು (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿದವರು) ಇಲ್ಲ, ಒಟ್ಟು 1,406. ಹಾಲ್ ಆಫ್ ಫೇಮ್‌ಗೆ ಹೋಗೋದು ಖಾತ್ರಿ ಇದ್ದ ಮನುಷ್ಯ, ಬ್ರಾಡ್ ಸ್ಟ್ರೀಟ್ ಸ್ಟೇಷನ್ ಹತ್ತಿರದ ಆ ಸ್ಟೇಡಿಯಂನಲ್ಲಿ, ಅರ್ಧ ಖಾಲಿ ಕುರ್ಚಿಗಳ ಮುಂದೆ ಆಡ್ತಿದ್ದರು. ಫಸ್ಟ್ ಬೇಸ್‌ನಿಂದ ಆಚೆ ಸರಿದು, ಎರಡೂ ಕೈ ಇಳಿಬಿಟ್ಟು, ಬೆರಳು ಮಾತ್ರ ಆಡಿಸ್ತಾ ನಿಲ್ಲೋರು. ಅವರನ್ನು ಔಟ್ ಮಾಡೋಕೆ ಪಿಚರ್ ಮೂರು ಮೂರು ಸಲ ಅತ್ತ ಎಸೆಯೋನು. ಜುಲೈನಲ್ಲಿ ಡಾಡ್ಜರ್ಸ್ ಕರೆಸಿಕೊಂಡರು. ಟಿಕೆಟ್‌ಗೆ ಎಷ್ಟು ಕೊಟ್ಟೆ ಅಂತ ನೆನಪಿಲ್ಲ, ಹತ್ತು ಡಾಲರ್ ಒಳಗೇ. ಆ ಸ್ಟೇಡಿಯಂ 2019ರಲ್ಲಿ ಕೆಡವಿದರು. ರಿಕಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವತ್ತು ಇಡೀ ದಿನ ನನಗೆ ಕೆಲಸ ಮಾಡೋಕೆ ಆಗಲಿಲ್ಲ.

ಬ್ರಿಡ್ಜ್‌ವಾಟರ್ ವಾಸಿ:
ಡಬಲ್-ಎ ಆದ ತಕ್ಷಣ ನಮ್ಮ ತಂಡ ಕೀಳಾಯ್ತಾ? 1998ರಿಂದ ಅದೇ ಹೆಸರು. ಇಂಡಿಪೆಂಡೆಂಟ್ ಆಗಿದ್ದಾಗ ಆರು ಸಲ ಚಾಂಪಿಯನ್ ಆಗಿದ್ದಾರೆ. ನಿಮ್ಮ ಬೇರ್ಸ್ ಎಲ್ಲಿದೆ ಈಗ?

ಹಳೇ ನ್ಯೂವರ್ಕ್:
ಕೀಳು ಅಂತ ನಾನು ಹೇಳಿಲ್ಲ. ಮುಚ್ಚಿಹೋದ ತಂಡದ ಬಗ್ಗೆ ಹಾಗೆ ಮಾತಾಡಬೇಡಿ. ನನ್ನ ಮಕ್ಕಳು ಬೆಳೆದಿದ್ದು ಅಲ್ಲಿ.

ಬ್ರಿಡ್ಜ್‌ವಾಟರ್ ವಾಸಿ:
ಪಾರ್ಸಿಪನಿ ಮೇಡಂ, ಆ ರಾಕರ್ ಚೆಂಡು ಮಾರೋದಾದ್ರೆ ಹೇಳಿ.

ಪಾರ್ಸಿಪನಿ ಅಮ್ಮ:
ಮಾರೋಕಲ್ಲ. ದಯವಿಟ್ಟು ಇನ್ನೊಮ್ಮೆ ಕೇಳಬೇಡಿ. ಅಲ್ಲೂ ಇದೇ ಕಾಟ. ದೊಡ್ಡ ದೊಡ್ಡ ಗಂಡಸರು ಕಾರ್ಡ್ ಫೈಲ್ ಹಿಡ್ಕೊಂಡು, ಒಬ್ಬೊಬ್ಬರು ಹತ್ತು ಹನ್ನೆರಡು ಸಹಿ ಕೇಳ್ತಾ, ಮಕ್ಕಳನ್ನು ಮೊಣಕೈಯಲ್ಲಿ ನೂಕ್ತಾ ಇದ್ದರು. ನನ್ನ ಮಗಳು ಹಿಂದೆ ಸರೀಲಿಲ್ಲ. ಎಡಿಸನ್ ಅಪ್ಪ, ಚೆಂಡಿಗೆ ನೀಲಿ ಬಾಲ್‌ಪಾಯಿಂಟ್ ಪೆನ್ನೇ ತಗೊಂಡು ಹೋಗಿ. ಮಾರ್ಕರ್‌ನಲ್ಲಿ ಹಾಕಿಸಿದರೆ ಚರ್ಮದಲ್ಲಿ ಶಾಯಿ ಹರಡಿ ಹಾಳಾಗುತ್ತೆ.

ನಾರ್ಥಾಂಪ್ಟನ್ ಹುಡುಗ:
ಬೇಸ್‌ಬಾಲ್ ನಂಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಇದೇ ಅನುಭವ ನಂದೂ. ಟೆಸ್ಟ್‌ನಲ್ಲಿ 303 ಹೊಡೆದ ಕರುಣ್ ನಾಯರ್ ತಂಡದಿಂದ ಹೊರಗಿದ್ದಾಗ ಇಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ಗೆ ಕೌಂಟಿ ಆಡೋಕೆ ಬಂದಿದ್ದರು. 2024ರ ಏಪ್ರಿಲ್, ಮೈ ಕೊರೆಯುವ ಚಳಿ, ಗ್ಲಾಮೊರ್ಗನ್ ಮೇಲೆ 202 ನಾಟ್‌ಔಟ್. ಬೌಂಡರಿ ಹತ್ತಿರ ಬಂದಾಗ ಕನ್ನಡದಲ್ಲಿ ಕೂಗಿದೆ, ತಿರುಗಿ ಕೈ ಎತ್ತಿದರು. ಅದೇ ವರ್ಷ ಮೈಸೂರು ವಾರಿಯರ್ಸ್‌ಗೆ ಮಹಾರಾಜ ಟ್ರೋಫಿ ಗೆದ್ದುಕೊಟ್ಟರು. 2025ರಲ್ಲಿ ಟೆಸ್ಟ್‌ಗೆ ವಾಪಸ್!

ಪಿಸ್ಕಾಟವೇ ಕನ್ನಡಿಗ:
ತಮ್ಮಾ, ಕೌಂಟಿ ಅಂದ್ರೆ ಇಂಗ್ಲೆಂಡಿನ ಮೊದಲ ದರ್ಜೆ ಕ್ರಿಕೆಟ್. ಅದಕ್ಕೂ ಇದಕ್ಕೂ ಏನು ಸಂಬಂಧ? ಎಲ್ಲಾ ಮಾತೂ ಕೊನೆಗೆ ಕ್ರಿಕೆಟ್‌ಗೇ ಬಂದು ನಿಲ್ಲಬೇಕಾ?

ಹಳೇ ನ್ಯೂವರ್ಕ್:
ಹುಡುಗನ ಮೇಲೆ ಯಾಕೆ ರೇಗ್ತೀರಿ? ಅವನು ಹೇಳಿದ್ದು ಸರಿಯಾಗೇ ಇದೆ. ತಂಡದಿಂದ ಬಿದ್ದ ಆಟಗಾರನ ಹಿಂದೆ ಹೋದವನಿಗೆ ಗೊತ್ತು ಅದು. ನಿಮ್ಮ ವ್ಯಾನ್ ಬಾಡಿಗೆ ಸಿಟ್ಟನ್ನ ಅವನ ಮೇಲೆ ತೀರಿಸಬೇಡಿ.

ಪಿಸ್ಕಾಟವೇ ಕನ್ನಡಿಗ:
ವ್ಯಾನ್ ಮಾತ್ರ ಅಲ್ಲ. ಗ್ಯಾಸ್, ಟೋಲ್, ಆರು ಟಿಕೆಟ್, ಹೆಂಡತಿಯ ಓವರ್‌ಟೈಮ್ ಹೋಯ್ತು. ಎಲ್ಲಾ ಸೇರಿ ನಾನೂರರ ಹತ್ತಿರ. 2015ರ ನಾನೂರು!

ಎಡಿಸನ್ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ತುಂಬಾ ವಿಷಯ ಗೊತ್ತಾಯ್ತು. ಆದರೆ ಶುಕ್ರವಾರಾನಾ, ಶನಿವಾರಾನಾ, ಭಾನುವಾರಾನಾ ಅಂತ ಇನ್ನೂ ಗೊತ್ತಾಗಲಿಲ್ಲ. ಮತ್ತೆ ಮಾವನವರ ಮಂಡಿ...

ಪಿಸ್ಕಾಟವೇ ಕನ್ನಡಿಗ:
ಅಣ್ಣಾ, ಶುಕ್ರವಾರ ಮಧ್ಯಾಹ್ನ ಹ್ಯಾಂಪ್ಟನ್ಸ್ ಬೀಚ್‌ಗಳಿಗೆ ಹೊರಟವರೆಲ್ಲ ಲಾಂಗ್ ಐಲ್ಯಾಂಡ್ ಎಕ್ಸ್‌ಪ್ರೆಸ್‌ವೇನಲ್ಲಿ ಇರ್ತಾರೆ. ಭಾನುವಾರ ಸಂಜೆ ಅವರೇ ನಿಮ್ಮ ಜೊತೆ ವಾಪಸ್ ಬರ್ತಾರೆ. ದಾರಿ ನೋಡಿದರೆ ಶನಿವಾರವೇ ವಾಸಿ. ಆದರೆ ದಾರಿ ನೋಡಿ ದಿನ ಆರಿಸಬೇಡಿ, ಪಿಚರ್ ನೋಡಿ ಆರಿಸಿ. ಅವರು ಸ್ಟಾರ್ಟರ್ (ಮ್ಯಾಚ್ ಶುರುವಿನಿಂದ ಎಸೆಯುವವರು) ಆದರೆ ಐದು ದಿನಕ್ಕೊಂದು ಸಲ ಬರ್ತಾರೆ, ಮೂರು ದಿನದಲ್ಲಿ ಒಂದು ದಿನವೂ ಇಲ್ಲದೇ ಇರಬಹುದು. ರಿಲೀವರ್ (ನಡುವೆ ಬಂದು ಎಸೆಯುವವರು) ಆದರೆ ಯಾವತ್ತು ಅಂತ ಯಾರಿಗೂ ಗೊತ್ತಿರಲ್ಲ. ಹಿಂದಿನ ಸಲ ಯಾವತ್ತು ಎಸೆದರು ಅಂತ ನೋಡಿ ಎಣಿಸಿ, ಆಮೇಲೆ ಟಿಕೆಟ್ ಆಫೀಸಿಗೆ ಫೋನ್ ಮಾಡಿ ಕೇಳಿ. ಆರು ಸಾವಿರ ಸೀಟಿನ ಸ್ಟೇಡಿಯಂ ಅದು, ಸಾಮಾನ್ಯವಾಗಿ ಟಿಕೆಟ್ ಸಿಗುತ್ತೆ. ಮಾವನವರಿಗೆ ಮೆಟ್ಟಿಲು ಕಮ್ಮಿ ಇರೋ ಸೀಟ್ ಯಾವುದು ಅಂತ ಅದೇ ಫೋನ್‌ನಲ್ಲಿ ಕೇಳಿ.

ಆದಷ್ಟು ಬೇಗ ಹೋಗಿ. 2023ರಲ್ಲಿ ಡೇನಿಯಲ್ ಮರ್ಫಿ ಇದೇ ಡಕ್ಸ್‌ಗೆ ಬಂದಿದ್ದರು, 2015ರಲ್ಲಿ ಮೆಟ್ಸ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ (ಮೇಜರ್ ಲೀಗ್ ಫೈನಲ್‌ಗೆ) ಕೊಂಡೊಯ್ದ ಬ್ಯಾಟರ್. ಜೂನ್‌ನಲ್ಲಿ ಮೇಜರ್ ಲೀಗ್‌ನ ಏಂಜೆಲ್ಸ್‌ನವರು ಸಹಿ ಹಾಕಿಸಿಕೊಂಡರು, ಅಲ್ಲಿಗೆ ಮುಗೀತು.

ಪಾರ್ಸಿಪನಿ ಅಮ್ಮ:
ಒಟ್ಟಿನಲ್ಲಿ ನಾನು ಮೊದಲೇ ಹೇಳಿದ್ದನ್ನೇ ಹೇಳ್ತಿದ್ದೀರಿ.

ಎಡಿಸನ್ ಅಪ್ಪ:
ಹಿಂದಿನ ಸಲ ಅವರು ಸೋಮವಾರ ಎಸೆದಿದ್ದಾರೆ, ಹಾಗಾದ್ರೆ ಶನಿವಾರ. ಫೋನ್ ಮಾಡಿದೆ, ಹೊರಗೆ ಹೇಳೋಕೆ ಇನ್ನೂ ತೀರ್ಮಾನ ಆಗಿಲ್ಲ ಅಂದ್ರು. ಆದರೂ ಶನಿವಾರಕ್ಕೆ ಐದು ಟಿಕೆಟ್ ತಗೊಂಡೆ, ಕೆಳಗಿನ ಸಾಲು ಅಲ್ಲ, ಗೇಟಿಂದ ಒಳಗೆ ಬಂದ ತಕ್ಷಣ ಸಿಗುವ ಮೇಲಿನ ಸಾಲು.

ಪಿಸ್ಕಾಟವೇ ಕನ್ನಡಿಗ:
ವ್ಯಾನ್ ಬಾಡಿಗೆಗೆ ತಗೊಳ್ಳಬೇಡಿ.