ಸೆಂಟರ್ ಬ್ಯಾಕ್ ಮಂಡಿ ಮುರಿದುಕೊಂಡರೆ ಮಿಡ್‌ಫೀಲ್ಡರ್‌ಳನ್ನು ಹಿಂದಕ್ಕೆ ಇಳಿಸಬೇಕೆ?

ಪ್ರಶ್ನೆ (ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕಿ):

ಸರ್, ನಮಸ್ಕಾರ. ನಮ್ಮ ಹುಡುಗಿಯರ ಫುಟ್‌ಬಾಲ್ ತಂಡದ ನಾಯಕಿ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಕಾಯುವವಳು. ಹೋದ ವಾರ ಹೆಡರ್‌ಗೆ (ಚೆಂಡನ್ನು ತಲೆಯಿಂದ ಹೊಡೆಯಲು) ಎಗರಿ ನೆಲಕ್ಕಿಳಿಯುವಾಗ ಅವಳ ಮಂಡಿ ತಿರುಚಿಕೊಂಡಿತು. ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಲಿಲ್ಲ. "ಒಳಗೆ ಟಕ್ ಅಂದಿತು ಮೇಡಂ" ಎಂದಳು. ಎಂಆರ್‌ಐ ಮಾಡಿಸಿದೆವು, ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಪೂರ್ತಿ ಹರಿದಿದೆ. ಇನ್ನು ಮೂರು ವಾರಕ್ಕೆ ಅಂತರ ಕಾಲೇಜು ಪಂದ್ಯಾವಳಿ. ನಮ್ಮಲ್ಲಿ ಅತ್ಯುತ್ತಮವಾಗಿ ಆಡುವ ಮಿಡ್‌ಫೀಲ್ಡರ್ ಎತ್ತರವಾಗಿದ್ದಾಳೆ, ಆಟವನ್ನು ಚೆನ್ನಾಗಿ ಓದುತ್ತಾಳೆ. ಅವಳನ್ನೇ ಹಿಂದಕ್ಕೆ ಇಳಿಸೋಣ ಎಂದುಕೊಂಡಿದ್ದೇನೆ. ಬೆಂಚಿನಲ್ಲಿ ಇನ್ನೊಬ್ಬ ಸೆಂಟರ್ ಬ್ಯಾಕ್ ಇದ್ದಾಳೆ. ಹೆಡರ್‌ನಲ್ಲಿ ಗಟ್ಟಿ, ಆದರೆ ಓಟ ನಿಧಾನ, ಚೆಂಡು ಕಾಲಿಗೆ ಬಂದರೆ ಗಾಬರಿಯಾಗುತ್ತಾಳೆ. ಏನು ಮಾಡಲಿ?

ಉತ್ತರ (ಫುಟ್‌ಬಾಲ್ ತರಬೇತುದಾರ):

ಮೇಡಂ, ದಯವಿಟ್ಟು ಮಿಡ್‌ಫೀಲ್ಡರ್‌ಳನ್ನು ಅವಳ ಜಾಗದಲ್ಲೇ ಬಿಡಿ. ಇದೇ ಯೋಚನೆಯಿಂದ ಜಗತ್ತಿನ ದೊಡ್ಡ ತಂಡವೊಂದು ಎಷ್ಟು ನೊಂದಿತು ಎಂಬುದನ್ನು ಹೇಳುತ್ತೇನೆ.

2020ರ ಅಕ್ಟೋಬರ್ 17ರಂದು ಎವರ್ಟನ್ ವಿರುದ್ಧದ ಪಂದ್ಯದಲ್ಲಿ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ಅವರಿಗೆ ಎಸಿಎಲ್ ಹರಿಯಿತು. ಲಿವರ್‌ಪೂಲ್ ಆಗಷ್ಟೇ ಇಂಗ್ಲೆಂಡಿನ ಅತ್ಯುನ್ನತ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದ ತಂಡ, ವಾನ್ ಡೈಕ್ ಅದರ ಬೆನ್ನೆಲುಬು. ಮುಂದಿನ ತಿಂಗಳು ಜೋ ಗೋಮೆಜ್ ಅವರ ಮಂಡಿಯೂ ಹೋಯಿತು. ಜನವರಿ ಕೊನೆಯಲ್ಲಿ ಜೋಯೆಲ್ ಮಾಟಿಪ್ ಅವರ ಕಣಕಾಲು. ಮೂವರು ಮುಖ್ಯ ಸೆಂಟರ್ ಬ್ಯಾಕ್‌ಗಳೂ ಆ ಋತುವಿಗೆ ಇಲ್ಲವಾದರು.

ತರಬೇತುದಾರ ಯುರ್ಗನ್ ಕ್ಲಾಪ್ ನೀವು ಯೋಚಿಸಿದ್ದನ್ನೇ ಮಾಡಿದರು. ಮಿಡ್‌ಫೀಲ್ಡ್‌ನಲ್ಲಿ ಕಾವಲಿಗಿದ್ದ ಫಾಬಿನ್ಯೊ ಅವರನ್ನು ಹಿಂದಕ್ಕೆ ಕರೆದರು, ಕೆಲವು ಪಂದ್ಯಗಳಲ್ಲಿ ನಾಯಕ ಜೋರ್ಡನ್ ಹೆಂಡರ್ಸನ್ ಅವರನ್ನೂ. ಇಬ್ಬರೂ ಅಲ್ಲಿ ಕೆಟ್ಟದಾಗಿ ಆಡಲಿಲ್ಲ. ತೊಂದರೆಯಾದದ್ದು ಅವರು ಬಿಟ್ಟುಬಂದ ಜಾಗದಲ್ಲಿ. ಅಂಗಿಯ ತೋಳು ಹರಿದರೆ ಬೆನ್ನಿನ ಬಟ್ಟೆ ಕತ್ತರಿಸಿ ತೇಪೆ ಹಾಕಿದ ಹಾಗೆ. ಎದುರಾಳಿಯಿಂದ ಚೆಂಡನ್ನು ಮೈದಾನದ ನಡುವೆಯೇ ಕಸಿಯುವವರಿಲ್ಲ, ಕಸಿದರೂ ತಕ್ಷಣ ಮುಂದಕ್ಕೆ ಸಾಗಿಸುವವರಿಲ್ಲ. ಗೋಲು ಬಿಟ್ಟುಕೊಡುವುದಕ್ಕಿಂತ ಮೊದಲು ಗೋಲು ಹೊಡೆಯುವುದೇ ನಿಂತುಹೋಯಿತು. ತನ್ನ ಸ್ವಂತ ಅಂಗಳ ಆ್ಯನ್‌ಫೀಲ್ಡ್‌ನಲ್ಲಿ 68 ಲೀಗ್ ಪಂದ್ಯಗಳಿಂದ ಸೋಲು ಕಾಣದಿದ್ದ ತಂಡ 2021ರ ಜನವರಿ 21ರಂದು ಬರ್ನ್‌ಲಿಗೆ 0-1ರಿಂದ ಸೋತಿತು. ನಂತರ ಬ್ರೈಟನ್, ಮ್ಯಾಂಚೆಸ್ಟರ್ ಸಿಟಿ, ಎವರ್ಟನ್, ಚೆಲ್ಸಿ, ಫುಲ್ಹಮ್. ಸ್ವಂತ ಅಂಗಳದಲ್ಲಿ ಸಾಲಾಗಿ ಆರು ಲೀಗ್ ಸೋಲು. ಈ ಆರರಲ್ಲಿ ಅವರು ಹೊಡೆದದ್ದು ಒಂದೇ ಗೋಲು, ಅದೂ ಪೆನಾಲ್ಟಿ!

ಮಾರ್ಚ್‌ನಲ್ಲಿ ಫಾಬಿನ್ಯೊ ಮಿಡ್‌ಫೀಲ್ಡ್‌ಗೆ ಮರಳಿದರು. ಹಿಂದೆ ನಿಂತವರು ಯಾರು ಗೊತ್ತೇ? ಅಲ್ಲಿಯವರೆಗೆ ಬಹುಮಂದಿಗೆ ಹೆಸರೂ ಗೊತ್ತಿಲ್ಲದ ನ್ಯಾಟ್ ಫಿಲಿಪ್ಸ್, ಜರ್ಮನಿಯ ಶಾಲ್ಕೆ ತಂಡದಿಂದ ಎರವಲು ಬಂದಿದ್ದ ಓಜಾನ್ ಕಬಾಕ್, ಕೊನೆಕೊನೆಗೆ ಇಪ್ಪತ್ತರ ಹುಡುಗ ರೀಸ್ ವಿಲಿಯಮ್ಸ್. ಕೊನೆಯ ಹತ್ತು ಲೀಗ್ ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ. 69 ಅಂಕಗಳೊಂದಿಗೆ ಮೂರನೇ ಸ್ಥಾನ, ಯುರೋಪಿನ ದೊಡ್ಡ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ.

ಫಿಲಿಪ್ಸ್ ಕೂಡ ನಿಮ್ಮ ಬೆಂಚಿನ ಹುಡುಗಿಯಂತೆಯೇ. ವೇಗ ಕಡಿಮೆ, ಚೆಂಡು ಹಂಚುವುದರಲ್ಲಿ ವಾನ್ ಡೈಕ್ ಅವರ ಹತ್ತಿರಕ್ಕೂ ಬರುವವರಲ್ಲ. ಆದರೆ ಗಾಳಿಯಲ್ಲಿ ಬಂದ ಚೆಂಡು ಅವರದ್ದೇ. ಮೇ 19ರಂದು ಬರ್ನ್‌ಲಿಯ ಅಂಗಳದಲ್ಲಿ ಒಂದು ಗೋಲನ್ನು ತಲೆಯಿಂದ ಹೊಡೆದರು, ಎದುರಾಳಿಯ ಒಂದು ಖಚಿತ ಗೋಲನ್ನು ಗೆರೆಯ ಮೇಲೆ ನಿಂತು ತಲೆಯಿಂದಲೇ ತಡೆದರು. ಆ ಪಂದ್ಯ ನೋಡುವಾಗ ನನಗೆ ಕಣ್ಣು ತುಂಬಿಬಂದಿತ್ತು. ಅವರಿಗೆ ಬಾರದ್ದನ್ನು ಯಾರೂ ಅವರಿಂದ ಕೇಳಲಿಲ್ಲ, ಮುಂದೆ ಫಾಬಿನ್ಯೊ ಇದ್ದರು.

ನೀವೂ ಹಾಗೆಯೇ ಮಾಡಿ. ಆ ಹುಡುಗಿಯನ್ನೇ ಇಳಿಸಿ. ಡಿಫೆನ್ಸ್ ಸಾಲನ್ನು ಐದಾರು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದರೆ ಅವಳ ಬೆನ್ನ ಹಿಂದೆ ಓಡುವುದಕ್ಕೆ ಎದುರಾಳಿಗೆ ಜಾಗ ಸಿಗುವುದಿಲ್ಲ. ಗೋಲ್ ಕೀಪರ್ ಚೆಂಡನ್ನು ಅವಳಿಗೆ ಉರುಳಿಸದೆ ಬದಿಯ ಡಿಫೆಂಡರ್‌ಗೆ ಕೊಡಲಿ. ಅವಳಿಗೆ ಎರಡೇ ಮಾತು ಹೇಳಿ: ಎತ್ತರದ ಚೆಂಡು ನಿನ್ನದು, ಕಾಲಿಗೆ ಬಂದದ್ದನ್ನು ಹತ್ತಿರದವಳಿಗೆ ಕೊಡು. ಕಾರ್ನರ್, ಫ್ರೀ ಕಿಕ್‌ಗಳಲ್ಲಿ ಯಾರು ಯಾರನ್ನು ಕಾಯಬೇಕು ಎಂಬುದನ್ನು ಮಾತ್ರ ಈ ಮೂರು ವಾರ ದಿನವೂ ಅಭ್ಯಾಸ ಮಾಡಿಸಿ. ನಾಯಕಿ ಇಲ್ಲದಿದ್ದಾಗ ಮೊದಲು ಎಡವುವುದು ಅಲ್ಲೇ, ಏಕೆಂದರೆ ಕೂಗಿ ಹೇಳುತ್ತಿದ್ದವಳು ಅವಳು.

ಮರುಪ್ರಶ್ನೆ (ಅದೇ ನಿರ್ದೇಶಕಿ):

ಧನ್ಯವಾದ ಸರ್. ಇನ್ನೊಂದು ವಿಷಯ. ನಾಯಕಿ ಊರುಗೋಲು ಹಿಡಿದು ದಿನವೂ ಮೈದಾನಕ್ಕೆ ಬರುತ್ತಾಳೆ, ಗೋಡೆಗೊರಗಿ ಕುಳಿತು ಅಳುತ್ತಾಳೆ. ಉಳಿದವರೂ ಮಂಕಾಗುತ್ತಾರೆ. ಮನೆಯಲ್ಲೇ ಇರು ಎನ್ನಲೇ?

ಉತ್ತರ (ತರಬೇತುದಾರ):

ಬೇಡ ಮೇಡಂ. ಬರಲಿ, ಆದರೆ ಬರಿಗೈಯಲ್ಲಿ ಕೂರಿಸಬೇಡಿ. ಹಿಂದೊಮ್ಮೆ ನನ್ನ ತಂಡದ ಹುಡುಗನೊಬ್ಬನಿಗೆ ಹೀಗೆಯೇ ಆದಾಗ ಅವನ ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟೆ. ಹೆಡರ್ ಆದ ಮೇಲೆ ಬೀಳುವ ಚೆಂಡು ಯಾರಿಗೆ ಸಿಗುತ್ತದೆ ಎಂಬುದನ್ನು ಗುರುತು ಹಾಕು ಎಂದೆ. ಎರಡನೇ ಪಂದ್ಯದ ವಿರಾಮದಲ್ಲಿ ಅವನೇ ಎದ್ದು ಬಂದು, "ಎಡಗಡೆ ಒಂದೂ ನಮಗೆ ಸಿಗುತ್ತಿಲ್ಲ ಸರ್" ಎಂದು ಪುಟ ತೋರಿಸಿದ. ಅವನು ಹೇಳಿದ್ದು ಸರಿಯಾಗಿತ್ತು, ನಾನು ಗಮನಿಸಿರಲಿಲ್ಲ. ನಿಮ್ಮ ನಾಯಕಿಗೆ ಹೊಸ ಸೆಂಟರ್ ಬ್ಯಾಕ್‌ಳ ಹೊಣೆ ಒಪ್ಪಿಸಿ. ಜಾಗ ಹೇಗೆ ನೋಡಿಕೊಳ್ಳಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳು ಬಂದರೆ ಅಳಲಿ, ತಡೆಯಬೇಡಿ.

ಇನ್ನೊಂದು ಉದಾಹರಣೆ ಹುಡುಗಿಯರಿಗೆ ಹೇಳಿ. ಬಾರ್ಸಿಲೋನಾ ಮಹಿಳಾ ತಂಡದ ಅಲೆಕ್ಸಿಯಾ ಪುಟೆಲ್ಲಾಸ್ ಅವರಿಗೆ 2022ರ ಜುಲೈನಲ್ಲಿ ಎಸಿಎಲ್ ಹರಿಯಿತು. ಐತಾನಾ ಬೊನ್ಮಾಟಿ, ಪಾತ್ರಿ ಗಿಹಾರೊ ಮುಂತಾದವರು ಅವರ ಭಾರವನ್ನು ಹಂಚಿಕೊಂಡರು. ಆ ಋತುವಿನಲ್ಲಿ ತಂಡ ಲೀಗ್ ಗೆದ್ದಿತು, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 0-2ರಿಂದ ಹಿಂದಿದ್ದು ಜರ್ಮನಿಯ ವೊಲ್ಫ್ಸ್‌ಬರ್ಗ್ ಅನ್ನು 3-2ರಿಂದ ಮಣಿಸಿತು. ಪಾತ್ರಿಯವರೇ ಎರಡು ಗೋಲು ಹೊಡೆದರು.

ಉತ್ತರ (ಕ್ರೀಡಾ ಫಿಸಿಯೊಥೆರಪಿಸ್ಟ್):

ಮೇಡಂ, ಮಂಡಿಯ ಬಗ್ಗೆ ನಾನು ಸೇರಿಸುತ್ತೇನೆ. ಶಸ್ತ್ರಚಿಕಿತ್ಸೆ ಯಾವಾಗ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಮೊದಲು ಊತ ಇಳಿಯಬೇಕು, ಕಾಲು ನೆಟ್ಟಗೆ ಚಾಚಲು ಬರಬೇಕು. ಶಸ್ತ್ರಚಿಕಿತ್ಸೆಯ ಆಮೇಲೆ ಕನಿಷ್ಠ ಒಂಬತ್ತು ತಿಂಗಳು ಪಂದ್ಯ ಬೇಡ. ಅದಕ್ಕೂ ಮೊದಲೇ ಮರಳಿದವರಲ್ಲಿ ಮತ್ತೆ ಮಂಡಿ ಹಾಳಾಗುವ ಅಪಾಯ ಬಹಳ ಹೆಚ್ಚು. ತಿಂಗಳು ಎಣಿಸಿದರೆ ಮಾತ್ರ ಸಾಲದು. ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗಿರಬೇಕು, ಒಂಟಿಕಾಲಿನಲ್ಲಿ ಜಿಗಿದು ಅಲುಗದೆ ನಿಲ್ಲಬೇಕು. ಮುಂದಿನ ವರ್ಷದ ಪಂದ್ಯಾವಳಿಗೆ ಅವಸರ ಮಾಡುವವರು ಇದ್ದೇ ಇರುತ್ತಾರೆ. ಅವರಿಗೆ ವಾನ್ ಡೈಕ್ ಅವರ ವಿಷಯ ಹೇಳಿ. ಸ್ವಂತ ದೇಶ ನೆದರ್ಲೆಂಡ್ಸ್ ಪರ ಯೂರೊ ಪಂದ್ಯಾವಳಿ ಆಡುವುದನ್ನೇ ಬಿಟ್ಟು ಮಂಡಿ ನೋಡಿಕೊಂಡರು, 2021ರ ಆಗಸ್ಟ್‌ನಲ್ಲಿ ಲೀಗ್ ಪಂದ್ಯಗಳಿಗೆ ಮರಳಿದರು.

ಉಳಿದ ಹುಡುಗಿಯರನ್ನೂ ಮರೆಯಬೇಡಿ. ಯಾರೂ ತಾಗದೆ ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್ ಅಪ್ ಇದೆ. ಓಟ, ಒಂಟಿಕಾಲಿನ ಸಮತೋಲನ, ಸ್ಕ್ವಾಟ್, ಜಿಗಿದು ಇಳಿಯುವುದು ಎಲ್ಲವೂ ಅದರಲ್ಲಿವೆ, ವಿಶೇಷ ಸಲಕರಣೆ ಬೇಕಿಲ್ಲ. ವಾರಕ್ಕೆ ಎರಡು ಬಾರಿಯಾದರೂ ಮಾಡಿಸಿ. ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಎಂದು ಎದುರಿಗೆ ನಿಂತು ನೋಡಿ, ವಾಲಿದರೆ ಅಲ್ಲಿಯೇ ತಿದ್ದಿ.

ನಿರ್ದೇಶಕಿ:

ಇಂದು ಸಂಜೆ ಬೆಂಚಿನ ಹುಡುಗಿಗೆ ವಿಷಯ ತಿಳಿಸಿದೆ. ಏನೂ ಮಾತನಾಡಲಿಲ್ಲ, ನೇರವಾಗಿ ಹೋಗಿ ನಾಯಕಿಯ ಪಕ್ಕ ಗೋಡೆಗೊರಗಿ ಕುಳಿತಳು. ಕತ್ತಲಾಗುವವರೆಗೂ ಇಬ್ಬರೂ ಮಣ್ಣಿನಲ್ಲಿ ಗೆರೆ ಎಳೆದು ಕಾರ್ನರ್ ಹಂಚಿಕೊಳ್ಳುತ್ತಿದ್ದರು.